ಸೆರಗಿನ ಕೆಳಗಿನ ಟೆಂಡರು

ಗ್ಯಾಸ್ ಸೋರಿದಾಗ ಬರುವ ವಾಸನೆ ಗ್ಯಾಸಿನದಲ್ಲವಂತೆ. ಅದಕ್ಕೆ ಸ್ವಂತ ವಾಸನೆಯೇ ಇಲ್ಲ. ಸೋರಿದ್ದು ಜನಕ್ಕೆ ಗೊತ್ತಾಗಲಿ ಎಂದು ಬೇರೇನೋ ಬೆರೆಸಿರುತ್ತಾರೆ. ಕಳೆದ ತಿಂಗಳು ಅರಸೀಕೆರೆಯ ಒಂದು ಛತ್ರದಲ್ಲಿ ಮದುವೆ ಊಟಕ್ಕೆ ಕೂತಿದ್ದಾಗ ಅಡುಗೆಮನೆಯಿಂದ ಆ ಬೆರೆಸಿದ ವಾಸನೆ ಬಂತು. ಪಂಕ್ತಿಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ನಾನು ಎದ್ದು, ಎಲೆ ದಾಟಿ, ಯಾರದೋ ಪಾಯಸದ ಲೋಟ ಒದ್ದು, ಬೀದಿಗೆ ಓಡಿದ್ದೆ. ಒಳಗೆ ಏನೂ ಆಗಲಿಲ್ಲ. ಅಡುಗೆ ಭಟ್ಟರು ರೆಗ್ಯುಲೇಟರ್ ತಿರುಗಿಸಿ ಕಿಟಕಿ ತೆಗೆದರು, ಅಷ್ಟೆ. ಹೆಂಡತಿ ಹೊರಗೆ ಬಂದು, “ಏನ್ರೀ ಇದು, ಬೀಗರ ಮುಂದೆ ಮಾನ ತೆಗೀತೀರಲ್ಲ” ಎಂದಳು. ನನ್ನ ಎಡಗೆನ್ನೆ ಬಿಸಿಯಾಗಿತ್ತು. ಯಾವಾಗಲೋ ಬಿದ್ದ ಏಟು ಅಲ್ಲಿ ಇನ್ನೂ ಇದ್ದಂತೆ...

ಅಕ್ಕನ ಪರಿಚಯವಾದದ್ದು ಆ ಏಟಿನಿಂದಲೇ. ಆಗ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಸೈಬರ್ ಅಂಗಡಿ ಇತ್ತು. ಅಂಗಡಿಯ ಮುಂದೆ ನಿಂತು ಸಿಗರೇಟು ಹಚ್ಚಿದ್ದೆ. ಪಕ್ಕದಲ್ಲಿ ಸಿಲಿಂಡರ್ ತುಂಬಿದ ಲಗೇಜ್ ಆಟೋ ಬಂದು ನಿಂತದ್ದನ್ನು ಗಮನಿಸಿರಲಿಲ್ಲ. ಸಿಗರೇಟು ಮೋರಿಗೆ ಹಾರಿತು, ಆಮೇಲೆ ಕೆನ್ನೆಗೆ ಏಟು ಬಿತ್ತು. ಅಥವಾ ಮೊದಲು ಏಟು, ಆಮೇಲೆ ಸಿಗರೇಟು. ಈ ಕ್ರಮ ನನಗೆ ಯಾವತ್ತೂ ಸರಿಯಾಗಿ ಹೊಂದಿಕೊಂಡಿಲ್ಲ. ಮಾತು ಮಾತ್ರ ಕೇಳಿಸುತ್ತದೆ.

“ಸಾಯಂಗಿದ್ರೆ ಒಬ್ನೇ ಸಾಯಿ. ಬೀದಿನೆಲ್ಲ ಯಾಕ್ ಕರ್ಕೊಂಡೋಗ್ತೀಯ?”

ಹೊಡೆದ ಅದೇ ಕೈ ಒಂದು ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದು ನನ್ನ ಮುಂದೆ ಹಿಡಿಯಿತು. “ಇದ್ರದ್ದೊಂದು ಜೆರಾಕ್ಸ್ ಮಾಡ್ಕೊಡು ತಮ್ಮ.”

ನಾನು ಮಾಡಿಕೊಟ್ಟೆ. ಕೆನ್ನೆ ಉರಿಯುತ್ತಿತ್ತು, ಕೈ ಯಂತ್ರದ ಗುಂಡಿ ಒತ್ತುತ್ತಿತ್ತು. ಹಣೆ ತುಂಬ ವಿಭೂತಿ, ಎತ್ತಿ ಕಟ್ಟಿದ ಸೀರೆ, ಮೊಣಕೈವರೆಗೆ ಗ್ರೀಸಿನ ಕಪ್ಪು, ಸೊಂಟದಲ್ಲಿ ಒಂದು ದಪ್ಪ ಸ್ಪ್ಯಾನರು. ಐವತ್ತರ ಹತ್ತಿರದ ಹೆಂಗಸು. ಅಕ್ಕ ಎಂದು ನಾನು ಕರೆದದ್ದು ಪ್ರೀತಿಯಿಂದಲ್ಲ, ಭಯದಿಂದ. ಪ್ರೀತಿ ಆಮೇಲೆ ಬಂದಿರಬೇಕು.

ಅಕ್ಕನ ಗಂಡ ಸರ್ಕಾರಿ ಹಾಸ್ಟೆಲುಗಳಿಗೆ ಗ್ಯಾಸ್ ಸಿಲಿಂಡರ್ ಸಾಗಿಸುವ, ಅಲ್ಲಿನ ಒಲೆ, ಪೈಪು ರಿಪೇರಿ ನೋಡಿಕೊಳ್ಳುವ ಗುತ್ತಿಗೆದಾರರಾಗಿದ್ದರು. ವರ್ಷಕ್ಕೊಮ್ಮೆ ಟೆಂಡರು. ಇತ್ತ ಅರಸೀಕೆರೆ, ಕಣಕಟ್ಟೆ, ಜಾವಗಲ್ ಕಡೆಯ ಹಾಸ್ಟೆಲುಗಳದು ಒಂದು ಭಾಗ. ಅತ್ತ ಬೇಲೂರು, ಹಳೇಬೀಡು ಕಡೆಯದು ಇನ್ನೊಂದು. ಎರಡೂ ಅವರ ಕೈಯಲ್ಲೇ ಇದ್ದವು. ಒಂದು ದಿನ ಜಾವಗಲ್ ರಸ್ತೆಯಲ್ಲಿ ಆಟೋ ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಹೃದಯ ನಿಂತಿತ್ತು. ತಿಥಿ ಮುಗಿದ ಮೇಲೆ ಅಕ್ಕ ಅದೇ ಸ್ಟೀರಿಂಗ್ ಹಿಡಿದಳು. ಉಳಿದ ತಿಂಗಳುಗಳ ಗುತ್ತಿಗೆ ಅವಳ ಹೆಸರಿಗೆ ಆಯಿತು. ಬೇರೆ ಕಸುಬು ಇರಲಿಲ್ಲ, ಬೇರೆ ಗಿರಾಕಿಯೂ ಇರಲಿಲ್ಲ. ಹಾಸ್ಟೆಲು ಹೋದರೆ ಆಟೋ ಮಾರಿ ಮೈದುನನ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕಬೇಕು. “ಅದ್ಕಿಂತ ಒಂದು ಸಿಲಿಂಡರ್ ತಬ್ಕಂಡು ಕಡ್ಡಿ ಗೀರ್ಕೋತೀನಿ” ಎಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಟೀ ಕುಡಿಯುತ್ತಾ, ಹವಾಮಾನದ ಮಾತಾಡಿದಂತೆ ಹೇಳಿದ್ದಳು.

ಅವಳನ್ನು ಒಳ್ಳೆಯವಳು ಎಂದು ಬರೆದುಬಿಟ್ಟರೆ ಸುಲಭ. ಆದರೆ ಅಕ್ಕ ಹೊಡೆಯುತ್ತಿದ್ದಳು. ಹಾಸ್ಟೆಲೊಂದರ ಹಿತ್ತಲಲ್ಲಿ ಅಡುಗೆಯವಳ ಗಂಡ ರಬ್ಬರ್ ಪೈಪು ಸಿಕ್ಕಿಸಿ ಮಕ್ಕಳ ಗ್ಯಾಸನ್ನು ತನ್ನ ಆಟೋಗೆ ತುಂಬಿಸಿಕೊಳ್ಳುತ್ತಿದ್ದ. ಅಕ್ಕ ಆ ಪೈಪನ್ನೇ ಕಿತ್ತು ಅವನ ಬೆನ್ನಿಗೆ ಬಾರಿಸಿದಳು. ಅವನು ಓಡಿದ, ಇವಳು ಬೆನ್ನಟ್ಟಿದಳು; ಹಾಸ್ಟೆಲಿನ ಹುಡುಗರು ಜಗಲಿಯ ಮೇಲೆ ನಿಂತು ಕಬಡ್ಡಿ ನೋಡುವಂತೆ ಕೂಗಿದರು. ಇಲ್ಲಿಯವರೆಗೆ ಕತೆ ಚೆನ್ನಾಗಿದೆ, ನಾನೂ ಎಷ್ಟೋ ಜನಕ್ಕೆ ಹೇಳಿ ನಗಿಸಿದ್ದೇನೆ. ಆಮೇಲಿನದನ್ನು ಹೇಳುತ್ತಿರಲಿಲ್ಲ. ಅವನು ಬಿದ್ದ ಮೇಲೂ ಅವಳು ಬಿಡಲಿಲ್ಲ. ಅಡುಗೆಯವಳು ಬಂದು ಕಾಲು ಹಿಡಿದುಕೊಂಡರೆ ಅವಳಿಗೂ ಒಂದು ಬಿತ್ತು. ಹುಡುಗರ ಕೂಗು ನಿಂತುಹೋಯಿತಂತೆ.

“ಅವ್ಳಿಗ್ಯಾಕಕ್ಕ ಹೊಡ್ದೆ?” ಎಂದು ಕೇಳಿದ್ದೆ.

“ಕೈಯಿ ನಿಲ್ಲಲಿಲ್ಲ ಕಣೋ” ಎಂದಳು. ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡಳು.

ಈಗ ಟವಲಿನ ವಿಷಯ ಹೇಳಬೇಕು. ದನದ ಸಂತೆಯಲ್ಲಿ ದಲ್ಲಾಳಿಗಳು ಬಾಯಲ್ಲಿ ಬೆಲೆ ಆಡುವುದಿಲ್ಲ. ಟವಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಮುಟ್ಟಿ ಮುಟ್ಟಿ ಮಾತಾಡುತ್ತಾರೆ. ವ್ಯಾಪಾರ ಕುದುರಿದರೆ ಅಂಗೈ ಒತ್ತುತ್ತಾರೆ. ಸುತ್ತ ನಿಂತವರಿಗೆ ಟವಲು ಅಲ್ಲಾಡುವುದು ಕಾಣುತ್ತದೆಯೇ ಹೊರತು ಬೇರೇನಿಲ್ಲ. ನಮ್ಮ ಕಡೆಯ ಗುತ್ತಿಗೆದಾರರು ಇದನ್ನೇ ಟೆಂಡರಿಗೂ ತಂದಿದ್ದರು. ಬೀದಿದೀಪದ್ದಾಗಲಿ, ಜನರೇಟರಿನ ಡೀಸೆಲ್ಲಿನದಾಗಲಿ, ಹಾಸ್ಟೆಲಿನ ಗ್ಯಾಸಿನದಾಗಲಿ, ಟೆಂಡರು ಕಂಪ್ಯೂಟರಿಗೆ ಹೋಗುವ ಮೊದಲು ಟವಲಿನ ಕೆಳಗೆ ಹೋಗಿ ಬರಬೇಕು. ಈ ವರ್ಷ ಯಾರಿಗೆ ಯಾವುದು ಎಂದು ಅಲ್ಲಿ ತೀರ್ಮಾನ. ಆಮೇಲೆ ಎಲ್ಲರೂ ನನ್ನ ಅಂಗಡಿಗೆ ಬಂದು, ಗೆಲ್ಲುವವನು ಗೆಲ್ಲುವ ದರವನ್ನೂ ಮಿಕ್ಕವರು ಸೋಲುವ ದರವನ್ನೂ ತುಂಬಿಸುತ್ತಿದ್ದರು. ಸರ್ಕಾರ ಟೆಂಡರು ಪೆಟ್ಟಿಗೆಯನ್ನೇ ತೆಗೆದುಹಾಕಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ್ದು ಯಾರಿಗೂ ಗೊತ್ತಾಗದಂತೆ ದರ ಕೊಡಲಿ ಎಂದು. ಟವಲು ಅದಕ್ಕಿಂತ ಹಳೆಯದು.

ಅದಕ್ಕೊಂದು ನಿಯಮವಿತ್ತು. ಬಾಯಲ್ಲಿ ಆಡಿದ್ದು ಮಾತಲ್ಲ. ಬಾಯಲ್ಲಿ ನೂರು ಆಣೆ ಇಟ್ಟು ಮುರಿದರೂ ಯಾರೂ ಕೇಳುವುದಿಲ್ಲ. ಅಂಗೈ ಒತ್ತಿದ್ದನ್ನು ಮುರಿದವನಿಗೆ ಮಾತ್ರ ಆಮೇಲೆ ಯಾರೂ ಕೈ ಕೊಡುತ್ತಿರಲಿಲ್ಲ. ಅಕ್ಕನ ಗಂಡ ಪ್ರತಿ ವರ್ಷ ಟವಲಿನ ಕೆಳಗೆ ಕೈಯಿಟ್ಟೇ ಹಾಸ್ಟೆಲುಗಳನ್ನು ಉಳಿಸಿಕೊಂಡಿದ್ದು. ಅವರು ಹೋದ ಮೇಲೆ ಬಂದ ಮೊದಲ ಟೆಂಡರಿಗೆ ಮಂಡಿ ಯಜಮಾನರೂ ಕಣ್ಣು ಹಾಕಿದ್ದರು. ಇವರು ಕೊಬ್ಬರಿ ಮಂಡಿಯ ಮಾಲೀಕರು, ಜೊತೆಗೆ ಸರ್ಕಾರಿ ಗುತ್ತಿಗೆ. ಒಳ್ಳೆ ಕಚ್ಚೆಪಂಚೆ, ಮಠಕ್ಕೆ ಮೊದಲ ಸಾಲಿನ ದಾನಿ. ಅವರು ನಕ್ಕರೆ ಎದುರಿಗಿದ್ದವನೂ ನಗಬೇಕು.

ಟೆಂಡರು ತುಂಬಲು ಕೊನೆಯ ದಿನ ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದರು. ಜೊತೆಗೆ ಬೇಲೂರಿನ ಒಬ್ಬ ಸಣಕಲು ಗುತ್ತಿಗೆದಾರನೂ ಯಜಮಾನರ ಡ್ರೈವರೂ. ಅಕ್ಕ ಆಗಲೇ ಬಂದು ಕೂತಿದ್ದಳು. ಟೆಂಡರು ತುಂಬಲು ಪೆನ್ ಡ್ರೈವಿನಂಥ ಒಂದು ಕೀ ಬೇಕು, ಅದೇ ಅವರವರ ಸಹಿ. ಅಕ್ಕ ಅದನ್ನು ಕೊರಳಲ್ಲಿ, ಲಿಂಗದ ಕರಡಿಗೆಯ ದಾರಕ್ಕೇ ಕಟ್ಟಿಕೊಂಡಿದ್ದಳು.

“ಏನವ್ವ, ಚೆನ್ನಾಗಿದ್ದೀಯಾ?” ಎಂದರು ಯಜಮಾನರು.

“ಇದ್ದೀನಿ ಯಜಮಾನ್ರೆ. ಬೇಲೂರು, ಹಳೇಬೀಡಿನ ಕಡೇದು ನೀವೇ ಇಟ್ಕಳಿ. ನಂಗ್ ಅಷ್ಟು ದೂರ ಓಡ್ಸಕಾಗಲ್ಲ. ಅರಸೀಕೆರೆ ಕಡೇದು ನಂಗಿರ್ಲಿ.”

ಎಲ್ಲರೂ ಅವಳು ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡಿದ್ದರು. ನಾನೂ ಹಾಗೇ ಎಣಿಸಿದ್ದೆ. ಅವಳು ಬಂದಿದ್ದು ರಾಜಿಗೆ. ಅರ್ಧ ಬಿಟ್ಟು ಅರ್ಧ ಉಳಿಸಿಕೊಳ್ಳಲು.

ಯಜಮಾನರು ನಕ್ಕರು. “ಆಯ್ತು ಬಿಡವ್ವ. ಹಂಗೇ ಮಾಡನ.”

“ಬಾಯಲ್ಲಿ ಬ್ಯಾಡ” ಎಂದಳು ಅಕ್ಕ. ಬಲಗೈ ಮುಂದೆ ಚಾಚಿದಳು. “ಕೈ ಕೊಡಿ. ನಮ್ಮನೆಯೋರಿಗೆ ಕೊಡ್ತಿದ್ರಲ್ಲ, ಹಂಗೆ.”

ಡ್ರೈವರು ಕಿಸಕ್ಕೆಂದ. ಯಜಮಾನರ ಹೆಗಲ ಮೇಲೆ ಟವಲಿತ್ತು. ಅದನ್ನು ತೆಗೆಯುವ ಬದಲು ಇನ್ನಷ್ಟು ಎಳೆದುಕೊಂಡರು.

“ಹೆಂಗಸ್ರ ಕೈ ಹಿಡಿಯಾಕಾಯ್ತದೇನವ್ವ? ಅದೂ ನಿಂತವರ ಮುಂದೆ. ನಿನ್ನ ಮೈದ್ನ ಅವ್ನಲ್ಲ, ಅವನ್ನ ಕಳ್ಸು, ಒತ್ತನ.”

“ಅವ್ನು ಕೈ ಒತ್ತಾದು ನಿಮ್ಗೆ, ಕೈ ಕೊಡಾದು ನಂಗೆ” ಎಂದಳು. ಬೇಲೂರಿನವನು ನಗು ತಡೆಯಲಾರದೆ ಕೆಮ್ಮಿದ. ಆಮೇಲೆ ಪಾಪ, ಸಹಾಯ ಮಾಡಲು ಹೋಗಿ, “ಒಂದು ಪ್ಲಾಸ್ಟಿಕ್ ಕವರ್ ಹಾಕ್ಕಂಡು ಒತ್ತಿದ್ರೆ ಆಗಲ್ವಾ ಅಣ್ಣ? ಮೈ ಮುಟ್ದಂಗಾಗಲ್ಲ” ಎಂದ.

“ಮುಚ್ಲಾ ಬಾಯಿ” ಎಂದರು ಯಜಮಾನರು.

ಅಕ್ಕನ ಕೈ ಚಾಚಿಯೇ ಇತ್ತು. ಅವಳ ಕಷ್ಟ ನನಗೆ ಆಗ ಅರ್ಥವಾಯಿತು. ಕೈ ಕೊಡದೆ ಯಾವ ಮಾತೂ ಕಟ್ಟುವುದಿಲ್ಲ. ಹೆಂಗಸಿಗೆ ಯಾರೂ ಕೈ ಕೊಡುವುದಿಲ್ಲ. ಅವಳು ಸೋಲಲೂಬಹುದು, ಗೆಲ್ಲಲೂಬಹುದು, ಆದರೆ ಒಪ್ಪಂದ ಮಾತ್ರ ಮಾಡಿಕೊಳ್ಳುವಂತಿಲ್ಲ. 

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಅಕ್ಕ ಯಜಮಾನರ ಮುಂಗೈ ಹಿಡಿದು ಜಗ್ಗಿದಳು. ಅವರ ಕುರ್ಚಿ ಮುಂದಕ್ಕೆ ಜಾರಿತು. ಎಡಗೈಯಿಂದ ತನ್ನ ಸೆರಗು ಎಳೆದು ಇಬ್ಬರ ಕೈಗಳ ಮೇಲೂ ಹಾಕಿದಳು. ಸೆರಗಿನ ಕೆಳಗೆ ಏನೋ ಮಿಸುಕಿತು... ಎರಡು ಸಲ. ಬಿಳಿ ನೂಲಿನ ಸೀರೆ ಎಂದು ನನ್ನ ನೆನಪು. ಅಕ್ಕ ಬಿಳಿ ಉಡುತ್ತಲೇ ಇರಲಿಲ್ಲ, ಕಡು ಹಸಿರೋ ಕಂದೋ ಇರಬೇಕು. ಕೈಗಳು ಮಿಸುಕಿದ್ದು ನಿಜ. ಯಾರ ಕೈ ಯಾರದನ್ನು ಒತ್ತಿತು ಎನ್ನುವುದನ್ನು ನೋಡಿದವನು ಲೋಕದಲ್ಲೇ ಇಲ್ಲ. ನೋಡಬಾರದೆಂದೇ ತಾನೇ ಆ ಬಟ್ಟೆ.

ಅಕ್ಕ ಕೈ ಬಿಟ್ಟಳು. “ಆಯ್ತು. ಒತ್ತಿದ್ರು” ಎಂದಳು.

ಯಜಮಾನರ ಮುಖ ಬೂದಿಯಾಗಿತ್ತು. ಕೈಯನ್ನು ಪಂಚೆಗೆ ಒರೆಸಿಕೊಂಡರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಎದ್ದು ಹೊರಗೆ ಹೋಗಿ ಮೋರಿಗೆ ಉಗಿದರು.

ಅಕ್ಕ ಅರಸೀಕೆರೆ ಭಾಗಕ್ಕೆ ಮಾತ್ರ ದರ ತುಂಬಿಸಿದಳು. ಬೇಲೂರು ಭಾಗ ಹಾಗೇ ಬಿಡು ಎಂದಳು. ಕರಡಿಗೆಯ ದಾರ ಬಿಚ್ಚಲು ಒಪ್ಪದೆ, ನೆಲದ ಮೇಲೆ ಕೂತು, ಕೊರಳು ಬಾಗಿಸಿ, ಕೀಯನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಕಟ್ಟಿಹಾಕಿದ ಎಮ್ಮೆಯಂತೆ ಹಾಗೇ ಕಾದು ಕೂರಬೇಕಾಗಿತ್ತು. ಡ್ರೈವರಿಗೆ ಅದು ತಮಾಷೆಯಾಗಿ ಕಂಡಿತು. ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು, “ಆರುಸ್ಲಾ ಅಕ್ಕ? ಆರುಸ್ಲಾ?” ಎಂದು ರಾಗವಾಗಿ ಕೇಳಿದ. ಅಕ್ಕ ಕೂತಲ್ಲಿಂದಲೇ ಸ್ಪ್ಯಾನರು ಎಸೆದಳು. ಅದು ಅವನ ಕಿವಿಯ ತುದಿಯನ್ನು ಕಿತ್ತುಕೊಂಡು ಗೋಡೆಗೆ ಬಡಿಯಿತು. ಗಾರೆ ಉದುರಿತು, ಸ್ವಿಚ್ಚಿನ ಮೇಲೆಲ್ಲ ರಕ್ತ ಸಿಡಿಯಿತು. ಅವನು ಕಿವಿ ಹಿಡಿದು ಕೂತುಬಿಟ್ಟ. ಅಕ್ಕ ಅವನ ಕಡೆ ನೋಡಲೂ ಇಲ್ಲ.

“ತಮ್ಮ, ಹೋಯ್ತಾ?”

“ಹೋಯ್ತಕ್ಕ.”

ಆಗ ಎದ್ದಳು. ಸ್ಪ್ಯಾನರನ್ನು ನೆಲದಿಂದ ಎತ್ತಿ, ನನ್ನ ಜೆರಾಕ್ಸ್ ಕಾಗದವೊಂದರಿಂದ ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ದರ ಬಯಲಾಗುವ ದಿನ ಅಕ್ಕ ಬಂದು ನನ್ನ ಪಕ್ಕದಲ್ಲೇ ನಿಂತಳು. ಅವಳಿಗೆ ಆ ಇಂಗ್ಲಿಷು ಓದಲು ಬಾರದು. ನಾನು ಓದಿ ಹೇಳಬೇಕು. ಎರಡೂ ಭಾಗಕ್ಕೆ ಯಜಮಾನರು ದರ ಹಾಕಿದ್ದರು, ಬೇರೆ ಯಾವುದೋ ಅಂಗಡಿಯಿಂದ. ಅರಸೀಕೆರೆ ಭಾಗಕ್ಕೆ ಅಕ್ಕನಿಗಿಂತ ಕಡಿಮೆ. ಬೇಲೂರು ಭಾಗಕ್ಕೆ ಎದುರಾಳಿಯೇ ಇರಲಿಲ್ಲ, ಬೇಲೂರಿನವನ ಸೋಲುವ ದರವೊಂದನ್ನು ಬಿಟ್ಟು. ಎರಡೂ ಅವರಿಗೆ.

“ಬೇಲೂರಿನ ಕಡೇದಕ್ಕೆ ನಾನ್ ಹಾಕಿದ್ರೆ ಬರ್ತಿತ್ತಾ?” ಎಂದಳು.

ಅವರ ದರ ನೋಡಿದರೆ ಬರುತ್ತಿತ್ತು. ಹಾಗೆಂದೆ.

ಅಳುತ್ತಾಳೆ ಎಂದುಕೊಂಡೆ. ಅಕ್ಕ ಅಂಗಡಿಯಲ್ಲಿದ್ದ ನೀರಿನ ಕೊಡದಿಂದ ಒಂದು ಲೋಟ ಕುಡಿದು, ಇನ್ನೊಂದು ಲೋಟ ಮುಖಕ್ಕೆ ಎರಚಿಕೊಂಡು ಹೊರಟಳು. ನಾನು ಅಂಗಡಿ ತೆರೆದಿಟ್ಟೇ ಹಿಂದೆ ಹೋದೆ. ಯಾಕೆ ಹೋದೆನೋ. ತಡೆಯಲು ಎಂದು ಹೇಳಿಕೊಳ್ಳಬಹುದು. ನೋಡಲು ಎನ್ನುವುದು ನಿಜಕ್ಕೆ ಹತ್ತಿರ.

ಮಂಡಿಯಲ್ಲಿ ಕೊಬ್ಬರಿ ಮೂಟೆ ಬಿಚ್ಚಿ ರಾಶಿ ಹಾಕುತ್ತಿದ್ದರು. ಯಜಮಾನರು ತಕ್ಕಡಿಯ ಪಕ್ಕ ಕೂತು ಉಂಡೆ ಕೊಬ್ಬರಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ಕಿವಿಗೆ ಹಿಡಿದು ಆರಿಸುತ್ತಿದ್ದರು.

“ಬಾರವ್ವ, ಕೂತ್ಕೋ.”

“ಅವತ್ತು ಅಂಗೈ ಒತ್ತಿದ್ರೋ ಇಲ್ವೋ?”

ಹಮಾಲಿಗಳು ಕೆಲಸ ನಿಲ್ಲಿಸಿದರು. ಯಜಮಾನರು ಅವರ ಕಡೆ ಒಮ್ಮೆ ನೋಡಿದರು. ಅಷ್ಟು ಜನರ ಮುಂದೆ ಅವರು ಹೇಳಬಹುದಾಗಿದ್ದ ಉತ್ತರ ಒಂದೇ ಇತ್ತೇನೋ.

“ಗಂಡ ಸತ್ತೋಳ ಸೆರಗಿನ ಕೆಳಗೆ ಯಾವನವ್ವ ಕೈ ಇಡ್ತಾನೆ?”

ಮಂಡಿ ನಕ್ಕಿತು. ಯಜಮಾನರು ಬಲಗೈಯನ್ನು ತಕ್ಕಡಿಯ ತಟ್ಟೆಯ ಮೇಲೆ ಊರಿ ತಾವೂ ನಕ್ಕರು. ನನ್ನ ನೆನಪಿನಲ್ಲಿ ಅವರು ಆ ಕೈಯನ್ನು ಬೇಕೆಂದೇ ಅಲ್ಲಿ ಇಡುತ್ತಾರೆ, ಅಂಗೈ ಮೇಲಾಗಿ, ಕೊಡುವವರಂತೆ. ಇದು ನನ್ನ ಮನಸ್ಸು ಆಮೇಲೆ ಮಾಡಿದ ಸಿಂಗಾರ. ಮನುಷ್ಯ ಅಂಗೈ ಮೇಲು ಮಾಡಿ ಕೈಯೂರುವುದಿಲ್ಲ. ಅಕ್ಕ ಸ್ಪ್ಯಾನರು ತೆಗೆದು ಒಂದೇ ಏಟು ಹಾಕಿದಳು. ಕರಟ ಒಡೆದ ಸದ್ದು. ಎಲ್ಲೋ ಕೊಬ್ಬರಿ ಒಡೆದರು ಎಂದೇ ಅಂದುಕೊಂಡು ಹಿಂದಿನ ಸಾಲಿನ ಹಮಾಲಿಗಳು ಇನ್ನೂ ನಗುತ್ತಿದ್ದರು. ಎರಡನೇ ಏಟು ಬೆರಳುಗಳ ಮೇಲೆ. ಆಗ ಯಜಮಾನರು ಕೂಗಿದರು. ಅಂಥ ಸಣ್ಣ, ತೆಳು ದನಿ ಅವರ ಕೊರಳಲ್ಲಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ರಕ್ತ ತಟ್ಟೆ ತುಂಬಿ, ಹತ್ತಿರದ ಕೊಬ್ಬರಿಗಳ ಕೆಳಗೆ ಇಳಿಯಿತು.

ಅಕ್ಕನನ್ನು ಹಿಡಿದುಕೊಂಡ ಹಮಾಲಿಗಳು ಅವಳನ್ನು ಚೆನ್ನಾಗಿಯೇ ಹೊಡೆದರು. ಒಬ್ಬ ಜಡೆ ಹಿಡಿದು ಮೂಟೆಗೆ ಬಡಿದ. ಇನ್ನೊಬ್ಬ ಹೊಟ್ಟೆಗೆ ಒದ್ದ. ನಿಲ್ಲಿಸಿದ್ದು ಯಜಮಾನರೇ. “ಬಿಡ್ರೋ... ಬಿಡ್ರೋ ಅವ್ಳನ್ನ. ಹೊರಗ್ ಹಾಕಿ.”

ದೊಡ್ಡತನ ಎಂದು ಊರು ಆಡಿಕೊಂಡಿತು. ಆಸ್ಪತ್ರೆಯಲ್ಲಿ ಅವರು ತಕ್ಕಡಿಯ ಕಲ್ಲು ಜಾರಿ ಕೈ ಮೇಲೆ ಬಿತ್ತು ಎಂದು ಬರೆಸಿದರು. ಅದು ದೊಡ್ಡತನವಲ್ಲ. ಕೇಸು ಹಾಕಿದರೆ ಯಾಕೆ ಹೊಡೆದಳು ಎನ್ನುವುದು ಬರುತ್ತದೆ. ಸೆರಗಿನ ಕೆಳಗೆ ಕೈ ಇತ್ತೋ ಇಲ್ಲವೋ ಎನ್ನುವುದು ಬರುತ್ತದೆ. ಇತ್ತು ಎಂದರೆ ಒಂದು ಮಾನ ಹೋಗುತ್ತದೆ, ಇಲ್ಲ ಎಂದರೆ ಇನ್ನೊಂದು. ಅವರ ಬೆರಳುಗಳು ಕೋಳಿಯ ಕಾಲಿನಂತೆ ಮಡಚಿಕೊಂಡೇ ಕೂಡಿದವು. ಆಮೇಲೆ ಅವರು ಟವಲಿನ ಕೆಳಗೆ ಕೈಯಿಟ್ಟರೂ ಆ ಕೈ ಹೇಳುವುದೇನು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದೆರಡು ವರ್ಷದಲ್ಲಿ ಟವಲಿನ ಪದ್ಧತಿಯೇ ನಿಂತುಹೋಯಿತು.

ಅಷ್ಟು ದಿನ ಅಕ್ಕ ಬದುಕಲಿಲ್ಲ. 

ಗುತ್ತಿಗೆ ಯಜಮಾನರ ಕಡೆಯವರ ಕೈಗೆ ಹೋಗುವ ಮೊದಲು, ಹಾಸ್ಟೆಲುಗಳಲ್ಲಿ ಉಳಿದಿದ್ದ ತನ್ನ ಸಿಲಿಂಡರುಗಳನ್ನು ಅಕ್ಕ ವಾಪಸು ತರಬೇಕಾಗಿತ್ತು. ಬೆಳಿಗ್ಗೆ ಅಂಗಡಿಯ ಮುಂದೆ ಆಟೋ ನಿಲ್ಲಿಸಿದಳು. ತುಟಿ ಒಡೆದದ್ದು ಇನ್ನೂ ಮಾಗಿರಲಿಲ್ಲ. “ಬೇಲೂರಿಗೋಗಿ ಹಳೇಬೀಡಿನ ಮೇಲೆ ಬತ್ತೀನಿ. ಎಲ್ಲಾ ಬರೀ ಡಬ್ಬ ಕಣೋ, ಒಂದ್ರಲ್ಲೂ ಗ್ಯಾಸಿಲ್ಲ. ತಂದಾಕ್ಬಿಟ್ರೆ ಮುಗೀತು” ಎಂದಳು. ಮುಗಿದ ಮೇಲೆ ಏನು ಮಾಡುತ್ತೀಯ ಎಂದು ನಾನು ಕೇಳಲಿಲ್ಲ. ಮೈದುನನ ಹಿತ್ತಲು ನನ್ನ ಕಣ್ಣ ಮುಂದೆ ಬಂದಿತ್ತು. ಅವಳ ಕಣ್ಣ ಮುಂದೆಯೂ ಇದ್ದಿರಬೇಕು.

ಹಗರೆಯ ಹತ್ತಿರದ ತಿರುವಿನಲ್ಲಿ ಹಿಂದಿನಿಂದ ಬಂದ ಟಿಪ್ಪರೊಂದು ಆಟೋಗೆ ಗುದ್ದಿ ನಿಲ್ಲದೆ ಹೋಯಿತು. ಟಿಪ್ಪರು ಯಾರದು ಎನ್ನುವುದು ತಿಳಿಯಲೇ ಇಲ್ಲ. ಅರಸೀಕೆರೆಯಲ್ಲಿ ಎಲ್ಲರೂ ಎಲ್ಲವನ್ನೂ ಹೇಳಿದರು. ಕಿವಿ ಹರಿದ ಡ್ರೈವರಿನ ಹೆಸರೂ ಬಂತು. ಅವನು ಅವತ್ತು ಊರಲ್ಲೇ ಇದ್ದ ಎಂದವರೂ ಇದ್ದರು. ನನಗೆ ಗೊತ್ತಿಲ್ಲ. ಪೇಪರಿನಲ್ಲಿ ಮೂಲೆಯ ಸುದ್ದಿ: ಅಪಘಾತ, ಮಹಿಳೆ ಸಾವು. ಸಿಲಿಂಡರ್ ಸಿಡಿಯುವ ಭಯದಿಂದ ಯಾರೂ ಹತ್ತಿರ ಹೋಗದೆ, ಬೇಲೂರಿನಿಂದ ಫೈರ್ ಇಂಜಿನ್ ಬರುವವರೆಗೆ ಆಕೆ ಅಲ್ಲೇ ಬಿದ್ದಿದ್ದರು ಎಂಬ ಒಂದು ಸಾಲಿತ್ತು. ಅಷ್ಟೇ ನನಗೆ ಗೊತ್ತಿದ್ದದ್ದು. ಆ ಸಾಲನ್ನು ನಾನು ಓದಿ, ಪೇಪರು ಮಡಚಿ, ಎಷ್ಟೋ ವರ್ಷ ಅದರ ಮೇಲೆ ಕೂತಿದ್ದೆ.

ಮದುವೆ ಮನೆಯಿಂದ ಓಡಿ ಬಂದ ಮೇಲೆ ಇದನ್ನು ಬರೆಯಬೇಕೆನ್ನಿಸಿತು. ಬರೆಯಲು ಕೂತರೆ ಪ್ರತಿ ಸಾಲೂ ನುಣ್ಣಗೆ ಬರುತ್ತಿತ್ತು. ನುಣ್ಣಗಿದ್ದದ್ದನ್ನು ಕಂಡರೆ ನನಗೆ ಅನುಮಾನ. ಕಳೆದ ಭಾನುವಾರ ಬಸ್ಸು ಹತ್ತಿ ಹಗರೆಗೆ ಹೋದೆ. ಮೇನ್ ರೋಡಿನ ಟೀ ಹೋಟೆಲಿನವನಿಗೆ ನನ್ನದೇ ವಯಸ್ಸು. ಇಲ್ಲೊಂದು ಗ್ಯಾಸ್ ಆಟೋ ಬಿದ್ದಿತ್ತಲ್ಲ ಎಂದು ಕೇಳಿದ ತಕ್ಷಣ ಅವನ ಮುಖ ಅರಳಿತು.

“ಗ್ಯಾಸಮ್ಮನ ತಿರುವು ಅಲ್ವಾ ಸಾರ್? ಅಗೋ, ಅಲ್ಲಿ ಕಲ್ಲು ನೆಟ್ಟೀವಿ. ವರ್ಷಾ ವರ್ಷಾ ಕಾಯಿ ಒಡೀತೀವಿ. ಮಾತಾಯಿ ಸಾರ್ ಅವ್ಳು, ಇಡೀ ಊರುನ್ನ ಉಳ್ಸಿದ್ಲು.”

“ಹೆಂಗೆ?”

ಅವನು ಸೌಟು ಕೆಳಗಿಟ್ಟು ಹೊರಗೆ ಬಂದ. ಈ ಕತೆಯನ್ನು ತುಂಬ ಸಲ ಹೇಳಿ ರೂಢಿಯಿದ್ದವನು.

“ಕಾಲ್ ಮೇಲೆ ಆಟೋ ಬಿದ್ದೈತೆ. ರಕ್ತ ಹರೀತೈತೆ. ಸಿಲಿಂಡ್ರು ರೋಡ್ ತುಂಬಾ ಉಳ್ಳಾಡ್ತಾವೆ, ಢಣ ಢಣ ಅಂತ. ನಾವೊಂದು ಹತ್ತು ಜನ ಎತ್ತನ ಅಂತ ಓಡಿದ್ವಿ ಸಾರ್, ಸುಳ್ಳ್ ಹೇಳಲ್ಲ, ನಾನೇ ಮುಂದಿದ್ದೆ. ಅಂತಾದ್ರಲ್ಲೂ ಆ ಯಮ್ಮ ನಮ್ಮುನ್ನ ನೋಡಿ ಕೈ ಬೀಸಿ ಕೂಗ್ತಾಳೆ: ‘ಖಾಲೀ... ಖಾಲೀ...’ ಅಂತ. ಜಾಗ ಖಾಲಿ ಮಾಡಿ, ಸಾಯ್ತೀರ, ಓಡೋಗಿ ಅಂತ. ನಾವು ತಿರುಗ್ಕಂಡು ಓಡಿದ್ವಿ. ಓಡಿದಂಗೆಲ್ಲ ಇನ್ನೂ ಜೋರಾಗಿ ಕೂಗೋಳು, ‘ಖಾಲೀ’ ಅಂತ. ನಾವು ಇನ್ನೂ ದೂರ ಓಡೋರು. ಧ್ವನಿ ನಿಲ್ಲೋವರ್ಗೂ ಕೂಗಿದ್ಲು ಸಾರ್. ಯಾರ್ ಕೂಗ್ತಾರೆ ಹಂಗೆ? ತನ್ ಪ್ರಾಣ ಹೋಗ್ತಿದ್ರೂ ಇನ್ನೊಬ್ರು ಉಳೀಲಿ ಅಂತ...”

ಅವನ ಕಣ್ಣು ತುಂಬಿತ್ತು. ಸುಮ್ಮನೆ ಟೀ ಕುಡಿದು ಬರಬಹುದಾಗಿತ್ತು. ಒಂದು ಊರು ನೆಟ್ಟ ಕಲ್ಲನ್ನು ಅಲ್ಲಾಡಿಸಲು ನಾನು ಯಾರು? ಆದರೆ ಅಕ್ಕ ಮಾತಾಯಿಯಲ್ಲ. ಬಿದ್ದವನನ್ನೂ ಹೊಡೆದವಳು. ಬದುಕಬೇಕೆಂದು ಒಬ್ಬ ಗಂಡಸಿನ ಕೈಯನ್ನು ಸೆರಗಿನ ಕೆಳಗೆ ಎಳೆದುಕೊಂಡವಳು. ಅವಳು ತನ್ನನ್ನು ಬಿಟ್ಟು ಓಡಿಹೋಗಿ ಎಂದು ಯಾರಿಗೂ ಹೇಳುವವಳಲ್ಲ.

“ಅವು ಖಾಲಿ ಸಿಲಿಂಡರು ಕಣಪ್ಪ” ಎಂದೆ.

“ಯಾವು?”

“ಆಟೋದಲ್ಲಿದ್ದವು. ಹಾಸ್ಟೆಲಿನಿಂದ ವಾಪಸು ತರ್ತಿದ್ದಳು. ಒಂದರಲ್ಲೂ ಗ್ಯಾಸ್ ಇರಲಿಲ್ಲ. ಅದನ್ನೇ ಹೇಳ್ತಿದ್ದಳು ನಿಮಗೆ.”

ಅವನು ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ಬೆಂಚು ಹಿಂದಕ್ಕೆ ಬಿತ್ತು, ಗ್ಲಾಸು ಒಡೆಯಿತು. ಹೊಡೆಯಲು ಎತ್ತಿದ ಅವನ ಮುಷ್ಟಿ ನನ್ನ ಮುಖದ ಮುಂದೆ ನಿಂತಿತು. ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. ಹಿಡಿತ ನಿಧಾನವಾಗಿ ಸಡಿಲವಾಯಿತು.

“ಹಂಗಾದ್ರೆ... ನಮ್ಮುನ್ನ ಕರೀತಿದ್ಲಾ?”

ಬೇಲೂರಿನ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಒಳಗೆ ಹಾಲು ಉಕ್ಕಿ ಒಲೆಗೆ ಬೀಳುತ್ತಿತ್ತು. ಅವನು ಅದಾವುದರ ಕಡೆಗೂ ತಿರುಗಲಿಲ್ಲ. ರಸ್ತೆಗಿಳಿದು, ಆ ತಿರುವಿನ ಕಡೆಗೆ ಮೊದಲು ನಡೆದ, ಆಮೇಲೆ ಓಡತೊಡಗಿದ.